ಆನ್‌ಲೈನ್ ಆಟಗಳಲ್ಲಿ ಸಂಪರ್ಕದೋಷ: ಗುಂಡ್ಯ–ಶಿರಾಡಿ ಸೀಮೆ

ಇಂಟರ್ನೆಟ್ ಮೂಲಕ ಹಲವರು ಒಟ್ಟಿಗೆ ಆಡುವ ವಿಡಿಯೊ ಆಟಗಳಲ್ಲಿ ಆಟಗಾರನ ಫೋನು ಅಥವಾ ಕಂಪ್ಯೂಟರಿಗೂ ಆಟದ ಸರ್ವರಿಗೂ ನಡುವೆ ಹೋಗಿಬರುವ ಮಾಹಿತಿ ತಡವಾಗುವುದು, ನಡುವೆ ಕಳೆದುಹೋಗುವುದು ಇಲ್ಲವೆ ಸಂಪರ್ಕವೇ ಶುರುವಾಗದಿರುವುದನ್ನು ಸಂಪರ್ಕದೋಷ ಎನ್ನಬಹುದು. ಆಡುವವರ ಬಾಯಲ್ಲಿ ಇದು ಲ್ಯಾಗ್, ಹೈ ಪಿಂಗ್, ಅಥವಾ ಬರೀ ‘ನೆಟ್ ಇಲ್ಲ’. ದೋಷವನ್ನು ಪರದೆಯ ಮೇಲೆ ತೋರಿಸುವುದು ಆಟ. ಆದರೆ ದೋಷ ಆಟದ್ದೇ ಆಗಿರುವುದು ಕಡಿಮೆ. ‘ಸರ್ವರ್ ಪ್ರತಿಕ್ರಿಯಿಸುತ್ತಿಲ್ಲ’ ಎಂಬ ಸಂದೇಶ ನಿಗದಿತ ಅವಧಿಯಲ್ಲಿ ಉತ್ತರ ಬರಲಿಲ್ಲ ಎಂಬಷ್ಟನ್ನೇ ಹೇಳುತ್ತದೆ. ಎಲ್ಲಿ ನಿಂತಿತು ಎಂಬುದು ಅದಕ್ಕೂ ತಿಳಿದಿರುವುದಿಲ್ಲ.

ದಕ್ಷಿಣ ಕನ್ನಡ ಜಿಲ್ಲೆಯ ಕಡಬ ತಾಲ್ಲೂಕಿನ ಗುಂಡ್ಯ, ಈ ದೋಷಗಳ ಬಹುತೇಕ ಎಲ್ಲ ಬಗೆಗಳೂ ಒಂದೇ ಕಣಿವೆಯಲ್ಲಿ ಕಾಣಸಿಗುವ ಜಾಗವಾದ್ದರಿಂದ ಇಲ್ಲಿ ಅದನ್ನೇ ಉದಾಹರಣೆಯಾಗಿ ಹಿಡಿಯಲಾಗಿದೆ.

ಸೀಮೆ

ಗುಂಡ್ಯ ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಶಿರಾಡಿ ಘಾಟಿಯ ಬುಡದಲ್ಲಿದೆ. ಸುಬ್ರಹ್ಮಣ್ಯದ ದಾರಿ ಇಲ್ಲಿ ಕವಲೊಡೆಯುತ್ತದೆ. ಹಿಂದೆ ಪುತ್ತೂರು ತಾಲ್ಲೂಕಿಗೆ ಸೇರಿದ್ದ ಈ ಭಾಗ 2018ರಲ್ಲಿ ಕಡಬ ತಾಲ್ಲೂಕು ಕಾರ್ಯಾರಂಭ ಮಾಡಿದಾಗ ಅದರೊಳಗೆ ಬಂತು. ಗುಂಡ್ಯ ಹೊಳೆ ಕುಮಾರಧಾರೆಗೆ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತವೆ. ಮೇಲೆ ದಟ್ಟ ಕಾಡು, ಕೆಳಗೆ ಅಡಿಕೆ ಮತ್ತು ರಬ್ಬರ್ ತೋಟ, ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗುಡ್ಡ. ಜಿಲ್ಲೆಯ ವಾರ್ಷಿಕ ಮಳೆ ಸರಾಸರಿ 4,000 ಮಿ.ಮೀ. ಆಸುಪಾಸು. ಹೀಗೆ ಚದುರಿದ ಮನೆಗಳಿಗಾಗಿ ಟವರ್ ಹಾಕುವುದು ಕಂಪನಿಗಳಿಗೆ ಲಾಭದ ಲೆಕ್ಕವಲ್ಲ.

2021ರ ಜೂನ್‌ನಲ್ಲಿ ಪಕ್ಕದ ಸುಳ್ಯ ತಾಲ್ಲೂಕಿನ ಬಳ್ಳಕದಲ್ಲಿ ಮಳೆಯ ನಡುವೆ ರಸ್ತೆಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಹುಡುಗಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ದೇಶವೆಲ್ಲ ಓಡಾಡಿತು. ಪಾಠವಾದರೆ ಎರಡು ಸೆಕೆಂಡು ತಡವಾಗಿ ಕೇಳಿದರೂ ಪಾಠವೇ. ಆಟಕ್ಕೆ ಆ ಸೌಲಭ್ಯವಿಲ್ಲ.

ತಡದ ಲೆಕ್ಕ

ಜನ ಸಾಮಾನ್ಯವಾಗಿ ನೋಡುವುದು ವೇಗ, ಅಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂಬುದನ್ನು. ಬಿಜಿಎಂಐ, ಫ್ರೀ ಫೈರ್, ವ್ಯಾಲೊರಂಟ್‌ನಂಥ ಆಟಗಳು ಆಡುವ ಹೊತ್ತಿನಲ್ಲಿ ಬಳಸುವ ಮಾಹಿತಿ ಒಂದು ಯೂಟ್ಯೂಬ್ ವಿಡಿಯೊದ ಎದುರು ಬಹಳ ಸಣ್ಣದು. ಅವಕ್ಕೆ ಬೇಕಾದದ್ದು ಮೂರು: ಹೋಗಿಬರುವ ಸಮಯ ಕಡಿಮೆ ಇರಬೇಕು (ಪಿಂಗ್), ಆ ಸಮಯ ಏರಿಳಿಯಬಾರದು (ಜಿಟ್ಟರ್), ದಾರಿಯಲ್ಲಿ ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ಬೀಳಬಾರದು. ಇವುಗಳಲ್ಲಿ ಹೆಚ್ಚು ಕಾಟ ಕೊಡುವುದು ಎರಡನೆಯದು ಎಂದು ಈ ಲೇಖಕನ ಅಭಿಪ್ರಾಯ. ಸದಾ 110 ಮಿಲಿಸೆಕೆಂಡಿನಲ್ಲಿ ನಿಂತ ಸಂಪರ್ಕಕ್ಕೆ ಕೈ ಒಗ್ಗಿಕೊಳ್ಳುತ್ತದೆ. 40ರಿಂದ 300ಕ್ಕೆ ಜಿಗಿದು ಮತ್ತೆ 40ಕ್ಕೆ ಬರುವ ಸಂಪರ್ಕಕ್ಕೆ ಯಾರ ಕೈಯೂ ಒಗ್ಗುವುದಿಲ್ಲ.

ತಡಕ್ಕೆ ಭೌತಿಕ ಮಿತಿಯೊಂದಿದೆ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಚೆನ್ನೈ–ಸಿಂಗಪುರ ನಡುವಿನ ಐ2ಐ ಸಮುದ್ರದಡಿ ಕೇಬಲಿನ ಉದ್ದ ಸುಮಾರು 3,200 ಕಿ.ಮೀ.; ಹೋಗಿಬರಲು ಕನಿಷ್ಠ 32 ಮಿಲಿಸೆಕೆಂಡು ಬೇಕೇ ಬೇಕು, ಅದಕ್ಕೆ ಗುಂಡ್ಯದಿಂದ ಚೆನ್ನೈವರೆಗಿನ ದಾರಿಯನ್ನು ಬೇರೆ ಸೇರಿಸಬೇಕು. ಹಾಗಾಗಿ ಆಟದ ಸೆಟ್ಟಿಂಗ್ಸ್‌ನಲ್ಲಿ ಸಿಂಗಪುರದ ಬದಲು ಮುಂಬೈ ಅಥವಾ ಚೆನ್ನೈ ಸರ್ವರ್ ಆರಿಸುವುದು ಖರ್ಚಿಲ್ಲದ ಮೊದಲ ಮದ್ದು. ‘ಪಿಂಗ್ ಇಳಿಸುವ’ ವಿಪಿಎನ್ ಆ್ಯಪುಗಳು ಬಹುಪಾಲು ದಾರಿಯನ್ನು ಉದ್ದವೇ ಮಾಡುತ್ತವೆ. ಕಂಪನಿ ಕೆಟ್ಟ ದಾರಿಯಲ್ಲಿ ಕಳಿಸುತ್ತಿದ್ದಾಗ ಮಾತ್ರ ಅವುಗಳಿಂದ ಅಪರೂಪಕ್ಕೆ ಉಪಯೋಗವಾಗುವುದುಂಟು.

ಈ ತಡವನ್ನು ಮುಚ್ಚುವ ವಿದ್ಯೆಗೆ ಮೂವತ್ತು ವರ್ಷದ ಇತಿಹಾಸವಿದೆ. 1993ರ ಡೂಮ್ ಆಟದಲ್ಲಿ ಪ್ರತಿ ಕಂಪ್ಯೂಟರೂ ತನ್ನ ಆಟಗಾರ ಒತ್ತಿದ ಕೀಲಿಗಳನ್ನಷ್ಟೇ ಉಳಿದವಕ್ಕೆ ಕಳಿಸುತ್ತಿತ್ತು. ಎಲ್ಲರದ್ದೂ ತಲುಪುವವರೆಗೆ ಆಟ ಮುಂದೆ ಸಾಗದು. ಒಂದೇ ಕೋಣೆಯ ಲ್ಯಾನ್‌ನಲ್ಲಿ ಅದು ಸರಿ. ಇಂಟರ್ನೆಟ್‌ನಲ್ಲಿ ಒಬ್ಬನ ನಿಧಾನ ಎಲ್ಲರ ನಿಧಾನವಾಯಿತು. 1996ರ ಜೂನ್‌ನಲ್ಲಿ ಬಂದ ಕ್ವೇಕ್ ಸರ್ವರನ್ನು ನಡುವೆ ಕೂರಿಸಿತು. ಅದೇ ಡಿಸೆಂಬರಿನ ಕ್ವೇಕ್‌ವರ್ಲ್ಡ್‌ನಲ್ಲಿ ಅದರ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್, ಸರ್ವರಿನ ಉತ್ತರಕ್ಕೆ ಕಾಯದೆ ಆಟಗಾರನ ಕಂಪ್ಯೂಟರೇ ಅವನ ನಡೆಯನ್ನು ಊಹಿಸಿ ತೋರಿಸುವ ಕ್ರಮ ತಂದರು. ಊಹೆ ತಪ್ಪಿದಾಗ ಸರ್ವರ್ ಸರಿಯಾದ ಜಾಗಕ್ಕೆ ಎಳೆದು ನಿಲ್ಲಿಸುತ್ತದೆ. ಇಂದು ಓಡಿ ದಾಟಿದ ಬಾಗಿಲಿನಿಂದ ಆಟಗಾರ ಹಿಂದಕ್ಕೆ ಬಂದು ಬೀಳುವುದು ಈ ಎಳೆತದಿಂದ. ಗುಂಡು ಹಾರಿಸಿದ ಕ್ಷಣದಲ್ಲಿ ಎದುರಾಳಿ ಎಲ್ಲಿದ್ದ ಎಂದು ಸರ್ವರ್ ಸಮಯವನ್ನು ಹಿಂದಕ್ಕೆ ತಿರುಗಿಸಿ ನೋಡುವ ಕ್ರಮವನ್ನು ವಾಲ್ವ್ ಕಂಪನಿಯ ಯಾನ್ ಬರ್ನಿಯರ್ 2001ರಲ್ಲಿ ವಿವರವಾಗಿ ಬರೆದರು. ಗೋಡೆಯ ಮರೆಗೆ ಸರಿದ ಮೇಲೂ ಗುಂಡು ತಾಗುತ್ತದೆ ಎಂಬ ದೂರಿನ ಮೂಲ ಇಲ್ಲಿದೆ. ಅದನ್ನು ದೋಷ ಎನ್ನುವುದಕ್ಕಿಂತ, ತಡವನ್ನು ಇಬ್ಬರಿಗೂ ಹಂಚಿದ ತೀರ್ಮಾನ ಎನ್ನುವುದು ಸರಿ.

ಟವರ್, ಕಾಡು, ಮಳೆ

‘ಮಳೆ ಬಂದರೆ ನೆಟ್ ಹೋಗುತ್ತದೆ’ ಎಂಬುದು ಈ ಸೀಮೆಯ ಎಲ್ಲರ ಅನುಭವ. ಅನುಭವ ನಿಜ. ಮಳೆಹನಿಯೇ ಮೊಬೈಲ್ ಅಲೆಯನ್ನು ತಡೆಯುತ್ತದೆಂಬ ವಿವರಣೆ ಮಾತ್ರ ಹೆಚ್ಚುಪಾಲು ತಪ್ಪು. 4ಜಿ ಸೇವೆ ನಮ್ಮಲ್ಲಿ ಮುಖ್ಯವಾಗಿ 850, 900, 1800, 2300 ಮೆಗಾಹರ್ಟ್ಸ್ ಅಲೆಗಳಲ್ಲಿದೆ. ಗಂಟೆಗೆ 100 ಮಿ.ಮೀ. ಲೆಕ್ಕದಲ್ಲಿ ಸುರಿದರೂ 2 ಗಿಗಾಹರ್ಟ್ಸ್ ಆಸುಪಾಸಿನ ಅಲೆಗೆ ಆಗುವ ನಷ್ಟ ಕಿಲೊಮೀಟರಿಗೆ ಒಂದು ಡೆಸಿಬಲ್ಲಿನ ನೂರನೇ ಒಂದು ಪಾಲಿನಷ್ಟು, ಲೆಕ್ಕಕ್ಕೇ ಬಾರದ್ದು. ಒದ್ದೆಯಾದ ಎಲೆಯ ಮಾತು ಬೇರೆ. ನೀರು ಹೊತ್ತ ಕಾಡು ಒಣಕಾಡಿಗಿಂತ ಗಣನೀಯವಾಗಿ ಹೆಚ್ಚು ಅಲೆಯನ್ನು ಹೀರುತ್ತದೆ, ಮೇಲಿನ ಆವರ್ತನಗಳಲ್ಲಿ ಇನ್ನೂ ಹೆಚ್ಚು. ಬೇಸಗೆಯಲ್ಲಿ ಹೇಗೋ ಎರಡು ಕಡ್ಡಿ ತೋರಿಸುತ್ತಿದ್ದ ಮನೆ ಆಷಾಢದಲ್ಲಿ ಕುರುಡಾಗುವುದಕ್ಕೆ ಇದೊಂದು ಕಾರಣ.

ಇನ್ನೊಂದು ಕಾರಣ ಕಣ್ಣಿಗೆ ಬೀಳದ್ದು. ಫೈಬರ್ ತಲುಪದ ಟವರ್ ಇನ್ನೊಂದು ಟವರಿನೊಡನೆ ದುಂಡನೆಯ ಡಿಶ್ ಮೂಲಕ ಮೈಕ್ರೋವೇವ್ ಅಲೆಯಲ್ಲಿ ಸಂಪರ್ಕ ಇಟ್ಟುಕೊಂಡಿರುತ್ತದೆ. 18 ಗಿಗಾಹರ್ಟ್ಸ್‌ನಂಥ ಅಲೆಗೆ ಅದೇ ಮಳೆಯಲ್ಲಿ ಕಿಲೊಮೀಟರಿಗೆ 8ರಿಂದ 10 ಡೆಸಿಬಲ್ ನಷ್ಟ, ಎಂದರೆ ಒಂದು ಕಿಲೊಮೀಟರಿಗೇ ಶಕ್ತಿ ಹತ್ತನೇ ಒಂದಕ್ಕೆ ಇಳಿಯಬಹುದು. ಡಿಶ್ ಜೋಡಿ ಆಗ ಪೂರ್ತಿ ಕೈಬಿಡುವುದಿಲ್ಲ; ಸಾಮರ್ಥ್ಯ ಇಳಿಸಿಕೊಂಡು ನಡೆಯುತ್ತದೆ. ಊರಿನ ಎಲ್ಲ ಫೋನುಗಳ ಮಾಹಿತಿ ಕಿರಿದಾದ ದಾರಿಯ ಮುಂದೆ ಸಾಲುಗಟ್ಟುತ್ತದೆ. ಫೋನಿನಲ್ಲಿ ಕಡ್ಡಿಗಳು ಪೂರ್ತಿ ಇರುತ್ತವೆ, ಏಕೆಂದರೆ ಫೋನಿಗೂ ಟವರಿಗೂ ನಡುವೆ ಏನೂ ಕೆಟ್ಟಿಲ್ಲ. ವಾಟ್ಸ್ಆ್ಯಪ್ ಸಂದೇಶ ನಿಧಾನಕ್ಕಾದರೂ ಹೋಗುತ್ತದೆ, ಆಟ ಮಾತ್ರ ನಿಲ್ಲುತ್ತದೆ. ಕಡ್ಡಿ ತುಂಬಿದ್ದು ಪಿಂಗ್ ನೂರಾರು ಮಿಲಿಸೆಕೆಂಡಿಗೆ ಏರಿದ್ದರೆ, ಅದೂ ಊರಿನ ಎಲ್ಲರಿಗೂ ಹಾಗೇ ಇದ್ದರೆ, ಸಂಶಯಪಡಬೇಕಾದ್ದು ಟವರಿನ ಹಿಂದಿನ ದಾರಿಯನ್ನು.

ಕಡ್ಡಿಗಳ ಬಗ್ಗೆ ಇನ್ನೊಂದು ಮಾತು. ಅವು ಟವರಿನ ದನಿ ಫೋನಿಗೆ ಎಷ್ಟು ಕೇಳುತ್ತದೆ ಎಂಬುದನ್ನು ತೋರಿಸುತ್ತವೆಯೇ ಹೊರತು ಫೋನಿನ ದನಿ ಟವರಿಗೆ ಕೇಳುತ್ತದೆಯೇ ಎಂಬುದನ್ನಲ್ಲ. ಟವರ್ ಹತ್ತಾರು ವ್ಯಾಟ್‌ಗಳಲ್ಲಿ ಮಾತಾಡುತ್ತದೆ. 4ಜಿ ಫೋನಿನ ಗರಿಷ್ಠ ಶಕ್ತಿ 0.2 ವ್ಯಾಟ್. ಗುಡ್ಡದ ಮರೆಯಲ್ಲಿ ಬರುವ ದಾರಿ ಸರಿಯಿದ್ದು ಹೋಗುವ ದಾರಿ ಸೋಲುವುದು ಹೀಗೆ. ಎದುರಾಳಿಗಳು ಸಲೀಸಾಗಿ ಓಡಾಡುತ್ತಿದ್ದು ನಾವು ಹಾರಿಸಿದ ಗುಂಡು ಮಾತ್ರ ದಾಖಲಾಗದಿದ್ದರೆ ಈ ಲಕ್ಷಣ ಇರಬಹುದು. ಸೋತ ಪ್ರತಿ ತುಣುಕನ್ನೂ ಫೋನು ಮತ್ತೆ ಕಳಿಸುತ್ತದೆ, ಹಾಗೆ ಒಂದು ಸಲ ಕಳಿಸಲು ಸುಮಾರು 8 ಮಿಲಿಸೆಕೆಂಡು. ಮೂರು ನಾಲ್ಕು ಸಲವಾದರೆ ಜಿಟ್ಟರ್ ಹುಟ್ಟಿತು.

ಕಣಿವೆಯ ಇಳಿಜಾರಿನ ಮನೆಗಳಿಗೆ ಇನ್ನೊಂದು ಪೀಡೆಯುಂಟು. ದೂರದ ಎರಡು ಟವರ್‌ಗಳು ಸಮನಾಗಿ, ಸಮನಾಗಿಯೇ ಮಂಕಾಗಿ ಸಿಗುತ್ತವೆ. ಗಾಳಿಗೆ ಮರ ಅಲುಗಿದರೂ ಫೋನು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ, ಮರುಕ್ಷಣ ಮತ್ತೆ ಮೊದಲಿನದಕ್ಕೆ. ಪ್ರತಿ ಬದಲಾವಣೆಗೂ ಆಟದಲ್ಲಿ ಒಂದು ಎಳೆತ. ಚಲಿಸುವವರಿಗೆ ಇದು ಅನಿವಾರ್ಯ. ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಸಕಲೇಶಪುರದವರೆಗಿನ ರೈಲುದಾರಿಯ 57 ಸುರಂಗಗಳ ನಡುವೆ ಯಾವ ಆಟವನ್ನೂ ಮುಗಿಸುವ ಆಸೆ ಇಟ್ಟುಕೊಳ್ಳಬಾರದು. ಕುಳಿತಲ್ಲೇ ಆಡುವವರಿಗೆ ಪರಿಹಾರ ಉಂಟು: ಸಿಮ್ ಹಾಕುವ ರೌಟರನ್ನು ಮಾಡಿನ ಮೇಲೆ ಟವರಿನ ದಿಕ್ಕಿಗೆ ಆಂಟೆನಾ ಕೊಟ್ಟು ನಿಲ್ಲಿಸಿ, ಸಾಧ್ಯವಿದ್ದರೆ ಒಂದೇ ಅಲೆಗೆ ಕಟ್ಟಿಹಾಕುವುದು. ಗುಡ್ಡದ ನೆತ್ತಿಯನ್ನು ಬಳಸಿ ಬಾಗುವ ಶಕ್ತಿ 850, 900ರಂಥ ಕೆಳಗಿನ ಅಲೆಗೆ ಹೆಚ್ಚು, ಆದರೆ ಅವುಗಳಲ್ಲಿ ಜನಸಂದಣಿಯೂ ಹೆಚ್ಚು. ಅನುಮತಿಯಿಲ್ಲದ ಸಿಗ್ನಲ್ ಬೂಸ್ಟರ್ ಕಾನೂನುಬಾಹಿರ. ಅದು ಒಬ್ಬರ ಮನೆಗೆ ನೆಟ್ ತಂದು ಸುತ್ತಲಿನವರದ್ದನ್ನು ಕೆಡಿಸುತ್ತದೆ.

ಫೈಬರ್ ಮತ್ತು ಕರೆಂಟು

ಸ್ಥಳೀಯ ಗುತ್ತಿಗೆದಾರರ ಮೂಲಕ ಬರುವ ಬಿಎಸ್ಸೆನ್ನೆಲ್ ಮತ್ತಿತರ ಫೈಬರ್ ಸಂಪರ್ಕ ಸಿಕ್ಕ ಮನೆಯಲ್ಲಿ ಮೇಲಿನ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲ. ಕಂಬದಿಂದ ಕಂಬಕ್ಕೆ, ಮರದಿಂದ ಮರಕ್ಕೆ ತೂಗುವ ತಂತಿಯ ಮೇಲೆ ಅಡಿಕೆ ಸೋಗೆಯೋ ರೆಂಬೆಯೋ ಬಿದ್ದಾಗ ಮೋಡೆಮ್ಮಿನ ಎಲ್‌ಒಎಸ್ ದೀಪ ಕೆಂಪಾಗಿ ಮಿನುಗುತ್ತದೆ. ಆಗ ಆಟಗಾರ ಮಾಡಬಹುದಾದ್ದು ದೂರು ಕೊಡುವುದಷ್ಟೇ. ತಂತಿ ತುಂಡಾಗದೆ ಬಾಗಿದ್ದರೆ ಬೆಳಕು ಸೋರಿ ಸಂಪರ್ಕ ಬಂದುಹೋಗಿ ಮಾಡುತ್ತದೆ. ಮೋಡೆಮ್ಮಿನ ಒಳಪುಟದಲ್ಲಿ ಬೆಳಕಿನ ಮಟ್ಟ ಮೈನಸ್ 27 ಡಿಬಿಎಮ್‌ಗಿಂತ ಕೆಳಗಿದ್ದರೆ ಅದನ್ನೇ ದೂರಿನಲ್ಲಿ ಬರೆಯಬೇಕು. ಬಿ.ಸಿ.ರೋಡಿನಿಂದ ಅಡ್ಡಹೊಳೆವರೆಗೆ ಹೆದ್ದಾರಿ ಅಗಲಗೊಳಿಸುವಂಥ ಕೆಲಸ ನಡೆಯುವಾಗ ನೆಲದೊಳಗಿನ ಕೇಬಲಿಗೆ ಜೆಸಿಬಿಯ ಭಯ ಸದಾ ಇದ್ದದ್ದೇ. 2018ರ ಆಗಸ್ಟ್‌ನಂತೆ ಘಾಟಿಯೇ ಕುಸಿದು ರಸ್ತೆ, ರೈಲು ಎರಡೂ ನಿಂತ ದಿನಗಳಲ್ಲಿ ಯಾವ ತಂತಿಯ ಮೇಲೂ ಭರವಸೆ ಇಡಲಾಗದು.

ಕರೆಂಟು ಹೋದಾಗ ಮನೆಯ ರೌಟರಿಗೆ 12 ವೋಲ್ಟಿನ ಮಿನಿ ಯುಪಿಎಸ್ ಸಾಕು. ಇನ್ನೊಂದು ತುದಿಯ ಪೆಟ್ಟಿಗೆಗೂ ಬ್ಯಾಟರಿ ಇದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಟವರಿಗೂ ಇದೇ ಮಾತು. ಸಿಡಿಲಿನ ಕಾಲದಲ್ಲಿ ರೌಟರಿನ ದೀಪಗಳೆಲ್ಲ ಉರಿಯುತ್ತಿದ್ದು ಒಂದು ಲ್ಯಾನ್ ಕಿಂಡಿ ಮಾತ್ರ ಸತ್ತಿರುವುದುಂಟು. ಕೇಬಲನ್ನು ಪಕ್ಕದ ಕಿಂಡಿಗೆ ಬದಲಿಸಿ ನೋಡದೆ ಕಂಪನಿಯನ್ನು ಬೈಯುವುದು ವ್ಯರ್ಥ. ಹಳೆಯ ಡೆಸ್ಕ್‌ಟಾಪಿನಲ್ಲಿ ಮದರ್‌ಬೋರ್ಡಿನ ಗುಂಡಿ ಸೆಲ್ ಸತ್ತಿದ್ದರೆ ಕರೆಂಟು ಹೋಗಿ ಬಂದಾಗ ಗಡಿಯಾರ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಆಗ ಭದ್ರತಾ ಪ್ರಮಾಣಪತ್ರಗಳು ತಾಳೆಯಾಗದೆ ‘ಸಂಪರ್ಕಿಸಲಾಗುತ್ತಿಲ್ಲ’ ಎಂದು ಬರುತ್ತದೆ. ತಾರೀಕು ಸರಿಮಾಡಿದರೆ ಮುಗಿಯಿತು.

ಪತ್ತೆಯ ಕ್ರಮ

ಮೊದಲು ತಿಳಿಯಬೇಕಾದ್ದು ದೋಷ ಒಬ್ಬರದೋ ಎಲ್ಲರದೋ ಎಂದು. ಬೇರೆ ಕಂಪನಿಯ ಸಿಮ್ ಇರುವ ಗೆಳೆಯನನ್ನು ಕೇಳಿದರೆ ಅರ್ಧ ಪತ್ತೆ ಅಲ್ಲೇ ಆಗುತ್ತದೆ. ಅನಂತರ ದಾರಿಯನ್ನು ತುಂಡು ತುಂಡಾಗಿ ಅಳೆಯಬೇಕು. ಅದಕ್ಕೆ 1983ರ ಡಿಸೆಂಬರಿನಲ್ಲಿ ಮೈಕ್ ಮ್ಯೂಸ್ ಬರೆದ ಪಿಂಗ್ ಎಂಬ ಪುಟ್ಟ ಪ್ರೋಗ್ರಾಮ್ ಇಂದಿಗೂ ಸಾಕು. ಮನೆಯ ರೌಟರಿಗೆ (ಸಾಮಾನ್ಯವಾಗಿ 192.168.1.1) ಪಿಂಗ್ ಮಾಡಿದಾಗ ಒಂದೆರಡು ಮಿಲಿಸೆಕೆಂಡಿಗಿಂತ ಬಹಳ ಹೆಚ್ಚು ಬಂದು ಏರಿಳಿದರೆ ದೋಷ ವೈಫೈನದು. ಮುರಕಲ್ಲಿನ ದಪ್ಪ ಗೋಡೆ 5 ಗಿಗಾಹರ್ಟ್ಸ್ ವೈಫೈಯನ್ನು ಬೇಗ ನುಂಗುತ್ತದೆ. ರೌಟರ್ ಕೋಣೆಗೆ ಬರಬೇಕು ಅಥವಾ ಲ್ಯಾನ್ ಕೇಬಲ್ ಎಳೆಯಬೇಕು. ರೌಟರ್ ಸರಿಯಿದ್ದು ಗೂಗಲಿನ ಸರ್ವರ್ 8.8.8.8ಕ್ಕೆ ಪಿಂಗ್ ಕೆಟ್ಟರೆ ದೋಷ ಮುಂದಿನ ತಂತಿಯದೋ ಟವರಿನದೋ. ಎರಡೂ ಸರಿಯಿದ್ದು ಆಟ ಮಾತ್ರ ಕೆಟ್ಟರೆ ಸರ್ವರನ್ನೋ ನಡುವಿನ ದಾರಿಯನ್ನೋ ಸಂಶಯಿಸಬಹುದು. ಇದೇ ಅಳತೆಯನ್ನು ಮನೆಯವರ ಫೋನಿನಿಂದ ಫೋಟೊ, ವಿಡಿಯೊಗಳು ಬ್ಯಾಕಪ್ ಆಗುತ್ತಿರುವಾಗ ಇನ್ನೊಮ್ಮೆ ಮಾಡಬೇಕು. ಆಗ ಮಾತ್ರ ಪಿಂಗ್ ಏರಿದರೆ ರೌಟರಿನಲ್ಲಿ ಸಾಲು ಬೆಳೆಯುತ್ತಿದೆ ಎಂದರ್ಥ. ಬ್ಯಾಕಪ್ ರಾತ್ರಿಗೆ ಮುಂದೂಡಿದರೆ ಪೈಸೆ ಖರ್ಚಿಲ್ಲದೆ ಗುಣವಾಗುತ್ತದೆ.

ಗೆಳೆಯನೊಬ್ಬನ ಕಂಪ್ಯೂಟರೇ ಸರ್ವರ್ ಆಗುವ ಆಟಗಳಲ್ಲಿ, ಕೋಣೆ ಕಾಣುತ್ತದೆ ಆದರೆ ಸೇರಲಾಗುವುದಿಲ್ಲ ಎಂಬ ದೂರು ಬೇರೆ ಜಾತಿಯದು. ಕಂಪನಿಗಳು ನೂರಾರು ಮನೆಗಳಿಗೆ ಒಂದೇ ಸಾರ್ವಜನಿಕ ಐಪಿ ವಿಳಾಸ ಹಂಚುತ್ತವೆ. ರೌಟರಿನ ಹೊರವಿಳಾಸ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ಹೊರಗಿನಿಂದ ಯಾರೂ ನೇರವಾಗಿ ತಲುಪಲಾರರು. ಪೋರ್ಟ್ ತೆರೆಯುವ ಪಾಠಗಳೆಲ್ಲ ಆಗ ನಿರುಪಯೋಗಿ. ಸ್ಥಿರ ಐಪಿ ಕೊಳ್ಳಬೇಕು, ಇಲ್ಲವೆ ಐಪಿವಿ6 ಬಳಸುವ ಆಟವಾಗಿರಬೇಕು.

ನಿಷೇಧದ ಕಾಲ

ಕೆಲವೊಮ್ಮೆ ದಾರಿ ಪೂರ್ತಿ ಸರಿಯಿದ್ದೂ ಬಾಗಿಲು ಮುಚ್ಚಿರುತ್ತದೆ. ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿದ 118 ಆ್ಯಪುಗಳಲ್ಲಿ ಪಬ್‌ಜಿ ಮೊಬೈಲ್ ಕೂಡ ಇತ್ತು. ಅಕ್ಟೋಬರ್ 30ರಂದು ಭಾರತಕ್ಕೆ ಅದರ ಸರ್ವರ್ ನಿಂತಿತು. 2021ರ ಜುಲೈ 2ರಂದು ಅದರ ಭಾರತೀಯ ರೂಪವಾದ ಬಿಜಿಎಂಐ ಬಂತು, 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ಹೋಯಿತು, ಅದೇ ಜುಲೈನಲ್ಲಿ ಬಿಜಿಎಂಐ ಆ್ಯಪ್ ಅಂಗಡಿಗಳಿಂದ ಮರೆಯಾಗಿ 2023ರ ಮೇನಲ್ಲಿ ಮರಳಿತು. ಇಂಥ ದಿನಗಳಲ್ಲಿ ಎಷ್ಟು ರೌಟರ್ ಆರಿಸಿ ಹಚ್ಚಿದರೂ ಫಲವಿಲ್ಲ.

ದೂರು ಮತ್ತು ನಕ್ಷೆ

2022ರ ಜುಲೈ 27ರಂದು ಕೇಂದ್ರ ಸಂಪುಟ, ಸೇವೆಯಿಲ್ಲದ 24,680 ಹಳ್ಳಿಗಳಿಗೆ ಬಿಎಸ್ಸೆನ್ನೆಲ್ ಮೂಲಕ 4ಜಿ ತಲುಪಿಸಲು 26,316 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಗುಣಮಟ್ಟದ ನಿಯಮಗಳು ತಡವನ್ನೂ ಅಳೆಯಬೇಕಾದ ಅಂಶವಾಗಿ ಒಪ್ಪಿವೆ, ಸೇವಾ ವ್ಯಾಪ್ತಿಯ ನಕ್ಷೆಯನ್ನು ಕಂಪನಿಗಳು ತಮ್ಮ ಜಾಲತಾಣದಲ್ಲಿ ಹಾಕಬೇಕೆಂದೂ ಹೇಳಿವೆ. ಹಾಗಾಗಿ ‘ನೆಟ್ ಸ್ಲೋ’ ಎಂಬ ದೂರಿಗಿಂತ ದಿನ, ಗಂಟೆ, ಪಿಂಗ್ ಅಂಕಿ, ಯಾವ ತುಂಡಿನಲ್ಲಿ ಕೆಟ್ಟಿತು ಎಂದು ಬರೆದ ದೂರಿಗೆ ತೂಕ ಹೆಚ್ಚು. ನಕ್ಷೆ ನೋಡುವಾಗ ಒಂದು ಎಚ್ಚರ ಬೇಕು: ಅದರಲ್ಲಿ ಬಣ್ಣ ತುಂಬಿದ ಜಾಗ ಟವರಿನ ಅಲೆ ಬಂದು ಮುಟ್ಟುವ ಜಾಗ. ಕಣಿವೆಯ ಆಚೆ ಬದಿಯ ಮನೆಯಿಂದ 0.2 ವ್ಯಾಟಿನ ಫೋನು ಕಳಿಸಿದ್ದು ಟವರಿಗೆ ಹಿಂದಿರುಗಿ ತಲುಪುತ್ತದೆಯೇ ಎಂಬುದು ಆ ಬಣ್ಣದಿಂದ ತಿಳಿಯುವುದಿಲ್ಲ.