ಕೆರೆಗೆ ಸಾಕ್ಷಿ ಯಾರು?

ಮಾಲೂರು ತಾಲ್ಲೂಕಿನ ಲಕ್ಕೂರು ಹೋಬಳಿಯಲ್ಲಿ ಒಂದು ಕೆರೆಯ ಹೂಳು ತೆಗೆಸಬೇಕು ಅಂದುಕೊಳ್ಳಿ. ದುಡ್ಡಿನ ಮಾತು ಆಮೇಲೆ. ಕೆರೆ ಎಲ್ಲಿವರೆಗೆ ಇದೆ, ಯಾರ ಸುಪರ್ದಿನಲ್ಲಿದೆ ಅನ್ನೋದು ಮೊದಲು ಗೊತ್ತಾಗಬೇಕು. ಇದಕ್ಕೆ ದಾಖಲೆಗಳು ಹಲವು. ಒಂದೊಂದೂ ಒಂದೊಂದು ಕಾರಣಕ್ಕೆ ಹುಟ್ಟಿದ್ದು.

ಹಳೆಯ ಸಾಕ್ಷಿ ಅಂದ್ರೆ ಕಲ್ಲು. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕ'ದ ಹತ್ತನೇ ಸಂಪುಟ 1905ರಲ್ಲಿ ಬಂತು. ಅದು ಕೋಲಾರ ಜಿಲ್ಲೆಯ ಶಾಸನಗಳದ್ದೇ. ಮಾಲೂರಿಗೂ ಅಲ್ಲಿ ಒಂದು ಭಾಗ ಇದೆ. ಕನ್ನಡ ಶಾಸನಗಳಲ್ಲಿ 'ಕಟ್ಟುಕೊಡಗೆ', 'ಬಿತ್ತುವಟ್ಟ' ಅನ್ನೋ ಪದಗಳು ಸಿಗುತ್ತವೆ. ಕೆರೆ ಕಟ್ಟಿದವರಿಗೆ, ಕೆರೆಯ ಪಾಲನೆಗೆ ಬಿಟ್ಟುಕೊಟ್ಟ ಭೂಮಿ ಇದು. ಅಂದ್ರೆ ನಿರ್ವಹಣೆಯ ಖರ್ಚಿಗೆ ಆಗಲೇ ದಾರಿ ಮಾಡಿದ್ದರು. ಆದ್ರೆ ಶಾಸನ ದಾನ ಕೊಟ್ಟವರ ಕಡೆಯ ಮಾತು. ಮಣ್ಣು ಹೊತ್ತವರ ಹೆಸರು ಅಲ್ಲಿ ಸಿಗೋದು ಅಪರೂಪ.

ಆಮೇಲಿನದು ಗ್ರಾಮ ನಕಾಶೆ, ಕಂದಾಯ ದಾಖಲೆ. ಒತ್ತುವರಿ ಪ್ರಶ್ನೆ ಬಂದಾಗ ಗಡಿಗೆ ಇದು ಗಟ್ಟಿ ಸಾಕ್ಷಿ. ಹೂಳು ಎಷ್ಟು, ನೀರು ಎಷ್ಟು ಅಂತ ಅದು ಹೇಳಲ್ಲ.

ಇನ್ನು ಕೆರೆಗಳ ಸಂಖ್ಯೆ. 40 ಹೆಕ್ಟೇರ್‌ವರೆಗೆ ಅಚ್ಚುಕಟ್ಟು ಇರುವ ಕೆರೆಗಳು ಪಂಚಾಯತ್ ಕಡೆಗೆ. ಅದಕ್ಕೂ ಮೇಲೆ 2,000 ಹೆಕ್ಟೇರ್‌ವರೆಗಿನವು ಸಣ್ಣ ನೀರಾವರಿ ಇಲಾಖೆಗೆ. ಒಂದೇ ಕಚೇರಿಯ ಪಟ್ಟಿ ಹಿಡಿದು 'ಇಷ್ಟೇ ಕೆರೆ' ಅಂದುಬಿಟ್ಟರೆ, ಉಳಿದವು ಯೋಜನೆಯಿಂದಲೇ ಜಾರಿಹೋಗಬಹುದು.

2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬಂತು. ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸ್ತು, ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. ಈಗ ನೀರು ಎಷ್ಟು ಅನ್ನೋದರ ಜೊತೆಗೆ ಎಂಥದ್ದು ಅಂತಲೂ ಕೇಳಬೇಕಾಯ್ತು. ಇಲ್ಲಿ ಕಲ್ಲೂ ಸಾಲದು, ನಕಾಶೆಯೂ ಸಾಲದು. ನೀರಿನ ಪರೀಕ್ಷಾ ವರದಿ ಬೇಕು. ಅದನ್ನ ಓದುವಾಗಲೂ ಕೇಳಿ: ಮಾದರಿ ತೆಗೆದವರು ಯಾರು, ಯಾವ ತಿಂಗಳಲ್ಲಿ, ಯಾವ ಜಾಗದಲ್ಲಿ? ಏನೇನು ಅಳೆದರು, ಏನು ಬಿಟ್ಟರು?

ನೀವೂ ಶುರು ಮಾಡಬಹುದು. ಸರ್ವೆ ನಂಬರ್ ನೋಡೋಕೆ ಮೊಬೈಲ್‌ನಲ್ಲೇ ದಿಶಾಂಕ್ ಆ್ಯಪ್ ಇದೆ. ಕಚೇರಿಯಲ್ಲಿರೋ ಕಾಗದ ಕೇಳೋಕೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಊರಲ್ಲಿ ನೀರುಗಂಟಿಯ ಕೆಲಸ ಮಾಡಿದ ಹಿರಿಯರಿದ್ದರೆ, ಕೋಡಿ ಯಾವಾಗ ಹರಿದಿತ್ತು, ಯಾವ ಕಾಲುವೆ ಮುಚ್ಚಿಹೋಯ್ತು ಅಂತ ವಿಚಾರಿಸಿ. ಅವರ ನೆನಪಲ್ಲಿ ಇಸವಿ ಆಚೀಚೆ ಆಗಬಹುದು, ಆದ್ರೆ ಕಾಲುವೆಯ ಜಾಡು ಕಾಲಿಗೇ ಗೊತ್ತಿರುತ್ತೆ. ಅವರ ಮಾತನ್ನ ನಕಾಶೆ ಜೊತೆ ತಾಳೆ ನೋಡಿ. ಎರಡೂ ಹೊಂದದಿದ್ದರೆ ಯಾವುದನ್ನೂ ಅವಸರದಲ್ಲಿ ತಳ್ಳಿಹಾಕಬೇಡಿ. ಹೋಗಿ, ಕೆರೆ ಏರಿ ಮೇಲೆ ನಿಂತು ನೋಡಿ.