ಸಾಥಾರ್ನ್ ಯುನೀಕ್: ಬ್ಯಾಂಕಾಕಿನ ಮುಗಿಯದ ಗಗನಚುಂಬಿ

ಬ್ಯಾಂಕಾಕ್ ನಗರದಲ್ಲಿ ಚಾವೋ ಫ್ರಾಯಾ ನದಿಯ ಮಗ್ಗುಲಲ್ಲೇ ಸಾಗುವ ಚರೋನ್ ಕ್ರುಂಗ್ ರಸ್ತೆಯು 1860ರ ದಶಕದಲ್ಲಿ, ನಾಲ್ಕನೆಯ ರಾಮನೆಂದು ಕರೆಯಲಾಗುವ ಮೊಂಗ್ಕುಟ್ ದೊರೆಯ ಕಾಲದಲ್ಲಿ ನಿರ್ಮಾಣಗೊಂಡಿತು. ಅಲ್ಲಿಯವರೆಗೆ ಕಾಲುವೆ ಮತ್ತು ದೋಣಿಗಳನ್ನೇ ನೆಚ್ಚಿಕೊಂಡಿದ್ದ ನಗರಕ್ಕೆ ಆಧುನಿಕ ರಸ್ತೆಯ ರೂಢಿಯಾದದ್ದು ಬಹುಮಟ್ಟಿಗೆ ಇದರಿಂದಲೇ. ಈ ರಸ್ತೆಯ ಪಕ್ಕದಲ್ಲಿರುವ ವಾಟ್ ಯಾನ್ ನಾವಾ ಎಂಬ ಬೌದ್ಧ ದೇವಾಲಯದಲ್ಲಿ ಚೀನೀ ಹಾಯಿಹಡಗಿನ ಆಕಾರದ ಕಟ್ಟಡವೊಂದಿದ್ದು, ಉಗಿಹಡಗುಗಳ ಮುಂದೆ ಹಳೆಯ ಹಾಯಿಹಡಗುಗಳು ಮರೆಯಾಗತೊಡಗಿದಾಗ, ಅವುಗಳ ನೆನಪು ಉಳಿಯಲೆಂದು ಮೂರನೆಯ ರಾಮ ಅದನ್ನು ಕಟ್ಟಿಸಿದನೆನ್ನುತ್ತಾರೆ. ಅದರ ಎದುರಿಗೇ, 1990ರಲ್ಲಿ ಆರಂಭವಾಗಿ ಇಂದಿಗೂ ಮುಗಿಯದ ಸಾಥಾರ್ನ್ ಯುನೀಕ್ ಗೋಪುರ ಸುಮಾರು 185 ಮೀಟರ್ ಎತ್ತರಕ್ಕೆ ನಿಂತಿದೆ.

ಈ ಗೋಪುರವನ್ನು ಕಾಂಡೊಮಿನಿಯಂ ಆಗಿ, ಅಂದರೆ ಒಂದೊಂದು ಮನೆಗೆ ಒಬ್ಬೊಬ್ಬ ಒಡೆಯನಿದ್ದು ನೆಲ, ಮೆಟ್ಟಿಲು, ಲಿಫ್ಟುಗಳು ಎಲ್ಲರಿಗೂ ಸೇರಿರುವ ವಸತಿ ಸಮುಚ್ಚಯವಾಗಿ ಯೋಜಿಸಲಾಗಿತ್ತು. ಇಂಥ ಒಡೆತನಕ್ಕೆ ಥಾಯ್ಲೆಂಡಿನಲ್ಲಿ 1979ರ ಕಾನೂನು ದಾರಿ ಮಾಡಿಕೊಟ್ಟಿತ್ತಾದರೂ ಅದರ ನಿಜವಾದ ಭರಾಟೆ ಕಾಣಿಸಿಕೊಂಡದ್ದು ಒಂದು ದಶಕದ ನಂತರ, ದೇಶದ ಉತ್ಪನ್ನ ವರ್ಷಕ್ಕೆ ಸರಾಸರಿ ಶೇ. 9ರ ಆಸುಪಾಸಿನಲ್ಲಿ ಬೆಳೆಯುತ್ತಿದ್ದಾಗ. ಕಟ್ಟಡ ಏಳುವ ಮೊದಲೇ ಮನೆಗಳನ್ನು ಮಾರಿ ಕಂತಿನಲ್ಲಿ ಹಣ ಪಡೆಯುವುದು ರೂಢಿಯಾಗಿ, ವಾಸಕ್ಕೆ ಕೊಳ್ಳುವವರ ಜೊತೆಗೆ ಬೆಲೆ ಏರಿದೊಡನೆ ಮಾರಿಬಿಡುವ ಲೆಕ್ಕಾಚಾರದವರೂ ಸಾಲುಗಟ್ಟಿದರು. ವಾಸ್ತುಶಿಲ್ಪಿ ರಂಗ್ಸಾನ್ ತೋರ್ಸುವಾನ್ ಕೇವಲ ವಿನ್ಯಾಸಕಾರರಾಗಿರದೆ ಈ ಯೋಜನೆಯ ಉದ್ಯಮಿಯೂ ಆಗಿದ್ದರು. ಗಾಜಿನ ಪೆಟ್ಟಿಗೆಗಳಂಥ ಕಟ್ಟಡಗಳಿಗೆ ಬೇಸತ್ತು ಗ್ರೀಕ್-ರೋಮನ್ ಕಂಬ, ಕಮಾನುಗಳನ್ನು ಕಾಂಕ್ರೀಟಿನಲ್ಲಿ ಮರಳಿ ತಂದ ಅವರ ಶೈಲಿ ಆ ಕಾಲದ ಹೊಸ ಸಿರಿವಂತರಿಗೆ ಮೆಚ್ಚಾಗಿತ್ತು. ಬಾಗಿದ ಬಾಲ್ಕನಿಗಳು, ನೆತ್ತಿಯ ದಪ್ಪ ಕಂಬಗಳು ಇಂದು ಕೊಂಚ ಅತಿಯೆನಿಸಿದರೂ, ಹಣ ಸುಲಭವಾಗಿ ಹರಿದ ದಿನಗಳ ಅಭಿರುಚಿಗೆ ಅವುಗಳಿಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಮೊದಲ ಪೆಟ್ಟು ಬಿದ್ದದ್ದು ಮಾರುಕಟ್ಟೆಯಿಂದಲ್ಲ. 1993ರಲ್ಲಿ, ಸರ್ವೋಚ್ಚ ನ್ಯಾಯಾಲಯದ ಅಧ್ಯಕ್ಷರ ಕೊಲೆಗೆ ಸಂಚು ಹೂಡಿದ ಆರೋಪದ ಮೇಲೆ ರಂಗ್ಸಾನ್ ಬಂಧಿತರಾದರು. ಕೆಳ ನ್ಯಾಯಾಲಯ 2008ರಲ್ಲಿ ಅವರನ್ನು ತಪ್ಪಿತಸ್ಥರೆಂದರೂ 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಆರೋಪಮುಕ್ತಗೊಳಿಸಿತು. ಅಷ್ಟು ವರ್ಷ ಆ ಆರೋಪವನ್ನು ಹೊತ್ತವರ ಯೋಜನೆಗೆ ಸಾಲ ಹುಟ್ಟುವುದು ಸಹಜವಾಗಿಯೇ ಕಷ್ಟವಾಯಿತು. ಇತ್ತ ಅದೇ 1993ರಲ್ಲಿ ಸರ್ಕಾರ ತೆರೆದ ವಿಶೇಷ ವ್ಯವಸ್ಥೆಯಿಂದಾಗಿ ಬ್ಯಾಂಕುಗಳು ವಿದೇಶದಲ್ಲಿ ಕಡಿಮೆ ಬಡ್ಡಿಗೆ ಡಾಲರುಗಳನ್ನು ತಂದು ಸ್ವದೇಶದಲ್ಲಿ ಸಾಲ ಕೊಡತೊಡಗಿದವು, ಫೈನಾನ್ಸ್ ಕಂಪನಿಗಳು, ಎಂದರೆ ಬ್ಯಾಂಕಿನಷ್ಟು ಕಟ್ಟುಪಾಡಿಲ್ಲದೆ ಜನರಿಂದ ಹಣ ಸಂಗ್ರಹಿಸಿ ಸಾಲ ನೀಡುವ ಸಂಸ್ಥೆಗಳು, ಆ ಹಣದಲ್ಲಿ ದೊಡ್ಡ ಪಾಲನ್ನು ಜಮೀನು ಮತ್ತು ಕಟ್ಟಡಗಳ ಮೇಲೆ ಸುರಿದವು. ಡಾಲರಿಗೆ ಸುಮಾರು 25 ಬಾತ್ ಎಂಬ ದರ ಕದಲದು ಎಂಬ ನಂಬಿಕೆಯೇ ಈ ಇಡೀ ವ್ಯವಹಾರದ ಅಡಿಪಾಯ. 1997ರ ಜುಲೈ 2ರಂದು ಬಾತ್ ತನ್ನ ಸ್ಥಿರ ದರವನ್ನು ಕಳೆದುಕೊಂಡಿತು. ಆರು ತಿಂಗಳಲ್ಲಿ ಡಾಲರಿನ ಬೆಲೆ 50 ಬಾತ್ ದಾಟಿ ಸಾಲದ ಹೊರೆ ಇಮ್ಮಡಿಯಾಯಿತು, ಆ ವರ್ಷಾಂತ್ಯದಲ್ಲಿ 56 ಫೈನಾನ್ಸ್ ಕಂಪನಿಗಳು ಶಾಶ್ವತವಾಗಿ ಬಾಗಿಲು ಮುಚ್ಚಿದವು. ಸಾಥಾರ್ನ್ ಯುನೀಕ್‌ನ ಕೆಲಸ ಸುಮಾರು ಶೇ. 80ರಷ್ಟು ಮುಗಿದಲ್ಲಿಗೇ ನಿಂತುಹೋಯಿತು.

ನಗರದಾದ್ಯಂತ ಹೀಗೆ ನಡುವೆಯೇ ನಿಂತ ನೂರಾರು ಕಟ್ಟಡಗಳಲ್ಲಿ ಹೆಚ್ಚಿನವು ಮುಂದಿನ ದಶಕದಲ್ಲಿ ಕೈಬದಲಾಗಿ ಪೂರ್ಣಗೊಂಡವು. ಸಮೀಪದಲ್ಲೇ ಇರುವ, ರಂಗ್ಸಾನ್ ಅವರದೇ ವಿನ್ಯಾಸದ ಸ್ಟೇಟ್ ಟವರ್ 2001ರಲ್ಲಿ ಮುಗಿದು, ಚಿನ್ನದ ಬಣ್ಣದ ಗುಮ್ಮಟವನ್ನೂ ಛಾವಣಿಯ ಮೇಲಿನ ದುಬಾರಿ ರೆಸ್ಟೋರೆಂಟನ್ನೂ ಹೊತ್ತು ಪ್ರಸಿದ್ಧವಾಯಿತು. ಒಂದೇ ಕೈಯಿಂದ ಬಂದ ಎರಡು ಗೋಪುರಗಳ ಗತಿ ಇಷ್ಟು ಬೇರೆಯಾದದ್ದಕ್ಕೆ ಕಾರಣವನ್ನು ಕಾಂಕ್ರೀಟಿನಲ್ಲಿ ಹುಡುಕಿ ಫಲವಿಲ್ಲ. ಸಾಲ ಕೊಟ್ಟವರು, ಹಣ ತೆತ್ತು ಮನೆ ಕಾಣದ ಗ್ರಾಹಕರು, ಮಾಲೀಕರ ಕುಟುಂಬ ಇವರೆಲ್ಲರ ಹಕ್ಕು ಒಂದೇ ಆಸ್ತಿಯ ಮೇಲಿರುವಾಗ, ಎಲ್ಲರ ಬಾಕಿ ತೀರಿಸುವಷ್ಟು ಬೆಲೆಯನ್ನು ಕೊಳ್ಳುವವನೂ ಕೊಡಲಾರ, ಅದಕ್ಕಿಂತ ಕಡಿಮೆಗೆ ಮಾರುವವನೂ ಒಪ್ಪಲಾರ. ಅಷ್ಟು ಎತ್ತರದ ಕಟ್ಟಡವನ್ನು ಇಕ್ಕಟ್ಟಾದ ಪೇಟೆಯ ನಡುವೆ ಕೆಡವುವುದೂ ಅಗ್ಗದ ಕೆಲಸವಲ್ಲ.

2000ದ ನಂತರದ ವರ್ಷಗಳಲ್ಲಿ, ಪಾಳುಬಿದ್ದ ಕಾರ್ಖಾನೆ, ಸುರಂಗ, ಕಟ್ಟಡಗಳನ್ನು ಹೊಕ್ಕು ನೋಡಿ ಚಿತ್ರ ತೆಗೆಯುವ ಹವ್ಯಾಸ ಜಗತ್ತಿನಾದ್ಯಂತ ಹಬ್ಬಿದಾಗ ಈ ಗೋಪುರಕ್ಕೂ ವಿದೇಶಿ ಪ್ರವಾಸಿಗರು ಬರತೊಡಗಿದರು. ಗೇಟಿನ ಬಳಿ ಒಂದಿಷ್ಟು ಬಾತ್ ಕೈಬದಲಾದರೆ ದಾರಿ ಸಿಗುತ್ತಿತ್ತೆಂಬುದು ಅಂದಿನ ಪ್ರವಾಸಿಗರಲ್ಲಿ ಪ್ರಚಲಿತವಿದ್ದ ಮಾತು. ಒಳಗೆ ಅವರು ಕಂಡದ್ದು ಪ್ರಾಚೀನ ಅವಶೇಷವನ್ನಲ್ಲ. ಕೆಳ ಮಹಡಿಗಳಲ್ಲಿ ಎಂದೂ ಚಲಿಸದ ಎಸ್ಕಲೇಟರುಗಳು, ಕತ್ತಲ ಮೆಟ್ಟಿಲುಗಳ ಪಕ್ಕದಲ್ಲಿ ಬಾಗಿಲಿಲ್ಲದ ಲಿಫ್ಟಿನ ಬಾವಿಗಳು, ಕೆಲವು ಮನೆಗಳಲ್ಲಿ ನಲ್ಲಿಯ ನೀರನ್ನೇ ಕಾಣದ ಸ್ನಾನದ ತೊಟ್ಟಿಗಳು, ಬಾಲ್ಕನಿಯ ಬಿರುಕುಗಳಲ್ಲಿ ಬೇರೂರಿದ ಗಿಡಗಳು: ಯಾರೂ ವಾಸಿಸದೆಯೇ ಹಳತಾದ ಮನೆಗಳು ಅವು. 2014ರ ಡಿಸೆಂಬರಿನಲ್ಲಿ 43ನೆಯ ಮಹಡಿಯಲ್ಲಿ ಸ್ವೀಡನ್ನಿನ ಪ್ರಜೆಯೊಬ್ಬನ ಶವ ಪತ್ತೆಯಾದ ಮೇಲೆ ಕಾವಲು ಬಿಗಿಯಾಯಿತು. ಮಾಲೀಕರ ಕಡೆಯಿಂದ, ಒಳಗಿನ ಚಿತ್ರಗಳನ್ನು ಪ್ರಕಟಿಸಿದ ಕೆಲವರ ಮೇಲೆ ಅತಿಕ್ರಮ ಪ್ರವೇಶದ ದೂರುಗಳೂ ದಾಖಲಾದವು.

ಗೋಪುರದ ನೆರಳು ದೇವಾಲಯದ ಮೇಲೆ ಬೀಳುವುದರಿಂದ ಅದಕ್ಕೆ ಶಾಪ ತಟ್ಟಿತೆಂದೂ ಆ ನೆಲ ಹಿಂದೆ ಸ್ಮಶಾನವಾಗಿತ್ತೆಂದೂ ಹೇಳುವವರಿದ್ದಾರೆ, ‘ಭೂತದ ಗೋಪುರ’ವೆಂಬ ಹೆಸರು ಗಟ್ಟಿಯಾದದ್ದು ಇಂಥ ಮಾತುಗಳಿಂದ. 2017ರಲ್ಲಿ ಸೋಫೋನ್ ಸಕ್ದಾಫಿಸಿತ್ ನಿರ್ದೇಶಿಸಿದ ‘ದಿ ಪ್ರಾಮಿಸ್’ ಎಂಬ ದೆವ್ವದ ಚಿತ್ರ ಇಲ್ಲಿಯೇ ಚಿತ್ರೀಕರಣಗೊಂಡಿತಾದರೂ, ಅದರ ಕಥೆ ಹೊರಡುವುದು ಶಾಪದಿಂದಲ್ಲ, 1997ರ ಕುಸಿತದಲ್ಲಿ ಮನೆಮಠ ಕಳೆದುಕೊಂಡ ಕುಟುಂಬಗಳಿಂದ ಎಂಬುದು ಗಮನಾರ್ಹ. ಶಾಪದ ಕಥೆಯಲ್ಲಿ ಸಾಲ ಕೊಟ್ಟವರ ಹೆಸರೂ ಇಲ್ಲ, ಕಂತು ಕಟ್ಟಿ ಕಾದವರ ಹೆಸರೂ ಇಲ್ಲ. ಚಿತ್ರದವರು ಇತಿಹಾಸಕ್ಕೆ ಹೆಚ್ಚು ಹತ್ತಿರವಿದ್ದರು. ಮಾಲೀಕರಂತೂ ಗೋಪುರವನ್ನು ಪಾಳೆಂದು ಎಂದೂ ಒಪ್ಪಿದವರಲ್ಲ: ಮಾರಾಟದ ಮಾತುಕತೆಗಳ ನಡುವೆಯೇ, ಹೊರಗೋಡೆಗೆ ಹತ್ತಾರು ಮಹಡಿಗಳಷ್ಟು ಎತ್ತರದ ಜಾಹೀರಾತು ಪರದೆಗಳನ್ನು ತೂಗುಬಿಟ್ಟು ಬಾಡಿಗೆ ಪಡೆಯುವ ದಾರಿಯನ್ನೂ ಅವರು ಕಂಡುಕೊಂಡರು.