ಸಾವನದುರ್ಗದ ನೆತ್ತಿಯಿಂದ ಬೀದರಿನ ಬಯಲಿಗೆ

ಚಿತ್ತಾಪುರ, ವಾಡಿ, ಶಹಾಬಾದಗಳ ನಮ್ಮ ಸೀಮೆಯಲ್ಲಿ ಶಿಲೆಯೆಂದರೆ ಖಣಿಯೊಳಗೆ ಪದರಪದರವಾಗಿ ಮಲಗಿರುವ, ಸೀಳಿ ಫರಸಿಯಾಗಿ ಮನೆಗೆ ಹಾಸುವ ಸುಣ್ಣದ ಕಲ್ಲು. ಕಲ್ಲನ್ನರಸಿ ಕೆಳಕ್ಕಿಳಿಯುವುದನ್ನೇ ಬಲ್ಲ ನಮಗೆ, ಮಾಗಡಿಯ ಬಳಿ ಸಮುದ್ರಮಟ್ಟದಿಂದ 1226 ಮೀಟರ್ ಎತ್ತರಕ್ಕೆ ಏಕಶಿಲೆಯಂತೆ ಎದ್ದು ನಿಂತಿರುವ ಸಾವನದುರ್ಗವು ವಿಸ್ಮಯವನ್ನುಂಟುಮಾಡುವುದು ಸಹಜವೇ ಸರಿ. ಆದರೆ ಆ ಶಿಖರಾರೋಹಣದ ಚರಿತ್ರೆಯ ಎಳೆಯೊಂದು ಸೇಡಂ, ಚಿಂಚೋಳಿಗಳ ನೆರೆಯ ಬೀದರಿನವರೆಗೂ ಬಂದಿದೆ.

ಮಾಗಡಿಯ ಕೆಂಪೇಗೌಡನ ವಂಶದವರಿಂದ 1728ರಲ್ಲಿ ಮೈಸೂರಿನ ವಶವಾದ ಈ ದುರ್ಗಕ್ಕೆ ಕೋಟೆಗೋಡೆಗಿಂತಲೂ ಸುತ್ತಲಿನ ಬಿದಿರುಮೆಳೆಯೂ ಅದರೊಳಗಿನ ವಿಷಜ್ವರವೂ ದೊಡ್ಡ ಕಾವಲಾಗಿದ್ದುವು. ನೆತ್ತಿಯನ್ನು ಆಳವಾದ ಕಂದರವೊಂದು ಕರಿಗುಡ್ಡ, ಬಿಳಿಗುಡ್ಡಗಳೆಂದು ಸೀಳಿರುವುದರಿಂದ, ಒಂದು ಬಿದ್ದರೂ ಇನ್ನೊಂದು ಉಳಿಯುವುದೆಂಬ ಭರವಸೆ ಒಳಗಿನವರಿಗಿತ್ತು. 1791ರ ಡಿಸೆಂಬರಿನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯವು ಕಾಡನ್ನು ಕಡಿದು, ಫಿರಂಗಿಗಳನ್ನು ಎಳೆದು ತಂದು, ಗೋಡೆಯನ್ನೊಡೆದು, 21ನೆಯ ತಾರೀಖು ಲಗ್ಗೆ ಹತ್ತಿದಾಗ, ಓಡುವವರ ಬೆನ್ನಿಗೇ ಬೆನ್ನಟ್ಟುವವರೂ ಬಾಗಿಲುಗಳೊಳಗೆ ನುಗ್ಗಿದುದರಿಂದ ಎರಡು ಶಿಖರಗಳೂ ಅದೇ ದಿನ ಬಿದ್ದುವು. ಕಡಿದಾದ ಬಂಡೆಯಿಂದ ಜಾರಿ ಸತ್ತ ಮೈಸೂರು ಸಿಪಾಯಿಗಳನ್ನು ನೆನೆದರೆ ಈ ವಿಜಯವನ್ನು ಸಾಹಸವೆಂದು ಕೊಂಡಾಡಲು ನನಗೆ ಮನಸ್ಸಾಗದು.

ನಾನು ಹೆಚ್ಚು ಗೌರವಿಸುವುದು ಅನಂತರದ ಆರೋಹಣವನ್ನು. ನೂರು ಅಡಿಯ ಉಕ್ಕಿನ ಸರಪಳಿಯನ್ನು ಹಾಸಿ, ಬಿಸಿಲಿಗೆ ಅದು ಹಿಗ್ಗುವುದನ್ನು ಉಷ್ಣಮಾಪಕದಿಂದ ಲೆಕ್ಕಹಿಡಿಯುತ್ತ, 1804ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನಳೆದ ಸರ್ವೇಕ್ಷಕ ವಿಲಿಯಂ ಲ್ಯಾಂಬ್ಟನ್ನನು, ಸುತ್ತಲಿನ ಬೆಟ್ಟಗಳೊಂದಿಗೆ ಸಾವನದುರ್ಗದ ನೆತ್ತಿಯನ್ನೂ ತನ್ನ ತ್ರಿಕೋಣಗಳ ಬಿಂದುವಾಗಿ ಆರಿಸಿಕೊಂಡನು. ಕೋನವನ್ನಳೆಯುವ ಅವನ ಮಹಾಯಂತ್ರದ ತೂಕ ಸುಮಾರು ಅರ್ಧ ಟನ್ನು. ಅದು ಒಂದು ಬೆಟ್ಟದಿಂದ ಇನ್ನೊಂದು ಬೆಟ್ಟಕ್ಕೆ ಸಾಗುತ್ತಿದ್ದುದು ಕೂಲಿಗಳ ಹೆಗಲ ಮೇಲೆ. ಸರ್ವೇಕ್ಷಣದ ಗ್ರಂಥಗಳಲ್ಲಿ ಕೋನಗಳ ಕಲೆಗಳೂ ವಿಕಲೆಗಳೂ ದಶಮಾಂಶಸಹಿತ ಉಳಿದಿವೆ, ಹೊತ್ತವರ ಹೆಸರುಗಳು ಉಳಿದಿಲ್ಲ. ನಮ್ಮ ಪರ್ವತಾರೋಹಣದ ಇತಿಹಾಸವನ್ನು ಯಾರಾದರೂ ಬರೆಯುವುದಾದರೆ ಮೊದಲ ಅಧ್ಯಾಯ ಅವರಿಗೇ ಸಲ್ಲಬೇಕು.

ಆ ತ್ರಿಕೋಣಗಳ ಸಾಲು ಉತ್ತರಕ್ಕೆ ನಡೆದು, 1811ರಲ್ಲಿ ಗುತ್ತಿಯನ್ನೂ 1815ರಲ್ಲಿ ಬೀದರನ್ನೂ ಮುಟ್ಟಿ, ಅಲ್ಲಿಯೂ ಆಧಾರರೇಖೆಗಳನ್ನಳೆಯಿಸಿತು. 1823ರಲ್ಲಿ ಲ್ಯಾಂಬ್ಟನ್ನನು ಹಿಂಗನಘಾಟದಲ್ಲಿ ತೀರಿಕೊಂಡ ಮೇಲೆ ಜಾರ್ಜ್ ಎವರೆಸ್ಟನು ಅದನ್ನು ಹಿಮಾಲಯದ ತಪ್ಪಲಿಗೊಯ್ದನು. ಅದೇ ಅಳತೆಯ ಮುಂದುವರಿಕೆಯಿಂದ, ರಾಧಾನಾಥ ಸಿಕದಾರನ ಗಣಿತದ ನೆರವಿನಿಂದ, ಹದಿನೈದನೆಯ ಶಿಖರವೆಂದು ಗುರುತಿಸಲಾಗಿದ್ದ, ಇಂದಿನ ಎವರೆಸ್ಟ್ ಗಿರಿಯ ಎತ್ತರ 29,002 ಅಡಿಯೆಂದು 1856ರಲ್ಲಿ ಪ್ರಕಟವಾಯಿತು.